‘ಎಲ್ಲಾ ಸೇರಿ’ ಅಂದರೆ ಏನೇನು ಸೇರಿ?

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಬೆಂಗಳೂರಿಗೆ ಬಂದವನು. ಕೈಗೆ ಮಸಿ ಮೆತ್ತಿಕೊಂಡು ಕೆಲಸ ಕಲಿತು ಈಗ ಒಂದು ಸಣ್ಣ ಪ್ರೆಸ್ಸು ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ‘ಮನೆ ಬಾಡಿಗೆಗೆ ಇದೆ’ ಬೋರ್ಡು, ಇವೇ ನನ್ನ ಸಾಹಿತ್ಯ! ಇಲ್ಲಿ ಕೂತಿರುವ ನಿಮ್ಮಲ್ಲಿ ಮುಕ್ಕಾಲು ಮಂದಿ ಬಾಡಿಗೆದಾರರು. ಅದಕ್ಕೇ ಬಾಡಿಗೆ ಮನೆಯ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಊರಿಂದ ಬಂದಾಗ ನನಗೆ ಸಿಕ್ಕಿದ್ದು ಶ್ರೀರಾಮಪುರದ ವಠಾರದಲ್ಲಿ ಒಂದು ರೂಮು. ಆರು ಮನೆಗೆ ಒಂದು ನಲ್ಲಿ, ಒಂದು ಮೀಟರು. ಬಾಡಿಗೆಯಲ್ಲೇ ಕರೆಂಟು, ನೀರು ಎಲ್ಲಾ ಸೇರಿತ್ತು. ಸೇರಿತ್ತು ಎಂದರೆ ಹೇಗೆ? ರಾತ್ರಿ ಹತ್ತಕ್ಕೆ ಓನರ್ ಅಜ್ಜ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಮಲಗುತ್ತಿದ್ದ. ನಾವು ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಗೋಡೆಯಾಚೆ ಕೆಮ್ಮು ಶುರುವಾಗುತ್ತಿತ್ತು. ಮೀಟರಿನ ಚಕ್ರ ಅವನಿಗೆ ನಿದ್ದೆಯಲ್ಲೂ ಕಾಣುತ್ತಿತ್ತೇನೋ!

ಆ ಅಜ್ಜ ಎಷ್ಟೋ ವಾಸಿ. ಅವನ ಲೆಕ್ಕ ಕಣ್ಣೆದುರಿಗೇ ಇತ್ತು.

ಈಗಿನದು ಕೇಳಿ. ನನ್ನ ಪ್ರೆಸ್ಸಿನಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಡಿಟಿಪಿ ಮಾಡುತ್ತಾನೆ. ಅವನಿಗೆ ರೂಮು ಗೊತ್ತು ಮಾಡಿಕೊಟ್ಟವನು ನಾನೇ. ಓನರು ನನ್ನ ಹಳೇ ಗಿರಾಕಿ. ಬಾಡಿಗೆ 8,000, ‘ಎಲ್ಲಾ ಸೇರಿ’. ಅಡ್ವಾನ್ಸು 60,000. ಹುಡುಗನ ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಅದು. ಕರಾರುಪತ್ರ ಇಂಗ್ಲಿಷಿನಲ್ಲಿ ನಾಲ್ಕು ಪುಟ. ಅವನು ಓದದೆ ಸಹಿ ಹಾಕಿದ. ನಾನೂ ಓದದೆ ಸಾಕ್ಷಿ ಹಾಕಿದೆ.

2024ರ ಬೇಸಗೆ ಬಂತು. ಬೋರು ಬತ್ತಿತು. ಟ್ಯಾಂಕರ್ ಬರತೊಡಗಿತು. ಜೂನ್‌ನಲ್ಲಿ ಹುಡುಗ ಮನೆ ಬಿಟ್ಟಾಗ ಓನರು ಲೆಕ್ಕದ ಚೀಟಿ ಕೊಟ್ಟ. ಇಪ್ಪತ್ತೆರಡು ಲೋಡು, ಲೋಡಿಗೆ 2,000, ನಾಲ್ಕು ಮನೆಗೆ ಹಂಚಿದರೆ ನಿನ್ನ ಪಾಲು 11,000. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ. ಒಟ್ಟು 19,000 ಹಿಡಿದುಕೊಂಡ! ಬಾಡಿಗೆಯಲ್ಲೇ ನೀರು ಸೇರಿತ್ತಲ್ಲಾ ಸ್ವಾಮಿ ಎಂದರೆ ಕರಾರಿನ ಮೂರನೇ ಪುಟ ತೋರಿಸಿದ. ಟ್ಯಾಂಕರ್ ನೀರಾದರೆ ಬಾಡಿಗೆದಾರರೇ ಹಂಚಿಕೊಳ್ಳತಕ್ಕದ್ದು ಎಂದಿತ್ತು. ಆ ಕರಾರು ಅಚ್ಚಾಗಿದ್ದು ನನ್ನ ಪ್ರೆಸ್ಸಿನಲ್ಲೇ. ಆ ಸಾಲಿಗೂ ಸೇರಿಸಿಯೇ ನಾನು ಓನರಿನಿಂದ ದುಡ್ಡು ತೆಗೆದುಕೊಂಡಿದ್ದೆ.

ಅಡ್ವಾನ್ಸಿನಲ್ಲಿ ಹೋದ ದುಡ್ಡು ವಾಪಸು ಬರಲಿಲ್ಲ. ಆಮೇಲೆ ಗೊತ್ತಾದದ್ದು ಇನ್ನೂ ಖಾರ. ಆ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತು ಮಾಡಿತ್ತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ನಾವು ರಸೀದಿ ಕೇಳಿದ್ದರೆ? ಕೇಳಲಿಲ್ಲ. ದೊಡ್ಡವರ ಮುಂದೆ ಲೆಕ್ಕ ಕೇಳಬಾರದು ಎಂಬ ನಮ್ಮ ಹಾಳು ಸಂಕೋಚ!

ಇನ್ನು ಕರೆಂಟು. ಒಂದೇ ರೂಮಿನಲ್ಲಿ ಒಂದು ಫ್ಯಾನು, ಎರಡು ಬಲ್ಬು, ಒಂದು ಟಿವಿ ಇಟ್ಟುಕೊಂಡು ಹಗಲೆಲ್ಲ ಹೊರಗಿರುವವನು ತಿಂಗಳಿಗೆ 40 ಯೂನಿಟ್ ಸುಟ್ಟಾನು. 2025ರ ಏಪ್ರಿಲ್‌ನಲ್ಲಿ ಮನೆ ಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಮಾಡಿದರು. ಮೇಲೆ ಕಿಲೋವ್ಯಾಟಿಗೆ 145 ನಿಗದಿತ ಶುಲ್ಕ, ತೆರಿಗೆ. ಎಲ್ಲಾ ಕೂಡಿದರೂ ನಾನೂರರ ಆಸುಪಾಸು. ‘ಎಲ್ಲಾ ಸೇರಿ’ ಎಂದು ಬಾಡಿಗೆ ಮೇಲೆ ಸಾವಿರ ಏರಿಸಿದರೆ ಲಾಭ ಯಾರಿಗೆ? ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಹತ್ತು ರೂಪಾಯಿ ವಸೂಲಿ ಮಾಡುವವರೂ ಇದ್ದಾರೆ.

ಅಷ್ಟೇ ಅಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರನಿಗೂ ಸಲ್ಲುತ್ತದೆ. ಆದರೆ ಮನೆಗೆ ಪ್ರತ್ಯೇಕ ಮೀಟರು ಇರಬೇಕು, ಆ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು. ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಯಾರಿಗೂ ಇಲ್ಲ. ಇನ್ನೂ ಒಂದು ಜಾಣತನ ಉಂಟು. ಮೀಟರ್ ಬೇರೆಯೇ ಇರುತ್ತದೆ, ಗೃಹಜ್ಯೋತಿ ಓನರ್ ಮನೆಯವರ ಹೆಸರಿನಲ್ಲಿ ಇರುತ್ತದೆ, ಬಿಲ್ಲು ಸೊನ್ನೆ ಬರುತ್ತದೆ, ನಿಮ್ಮಿಂದ ಮಾತ್ರ ತಿಂಗಳು ತಿಂಗಳು ಕರೆಂಟಿನ ದುಡ್ಡು!

ಅದಕ್ಕೆ ಮನೆ ನೋಡಲು ಹೋದಾಗ ಟೈಲ್ಸು ನೋಡಬೇಡಿ. ಮೀಟರ್ ಬೋರ್ಡು ನೋಡಿ. ಕಳೆದ ತಿಂಗಳ ಬೆಸ್ಕಾಂ ಬಿಲ್ಲು ಕೇಳಿ. ಬಿಲ್ಲು ಕನ್ನಡದಲ್ಲೇ ಬರುತ್ತದೆ, ಓದಲು ಬರುವುದಿಲ್ಲ ಎನ್ನುವ ನೆಪ ನಡೆಯದು. ಕಾವೇರಿ ನೀರಿದೆಯೋ, ಬೋರೋ, ಟ್ಯಾಂಕರೋ? ಓನರ್ ಹೇಳಿದ್ದನ್ನು ಅರ್ಧ ನಂಬಿ, ಪಕ್ಕದ ಮನೆಯವರನ್ನು ಏಪ್ರಿಲ್ ತಿಂಗಳ ಕಥೆ ಕೇಳಿ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಸುರಿಯುವ ಮೊದಲು ಎರಡು ಸಂಜೆ ಲಗ್ಗೆರೆ, ಸುಂಕದಕಟ್ಟೆ, ನಾಗಸಂದ್ರದ ಬೀದಿ ಸುತ್ತಿ. ಇಸ್ತ್ರಿ ಅಂಗಡಿಯವನಿಗೆ ಗೊತ್ತಿಲ್ಲದ ಖಾಲಿ ಮನೆ ಇರುವುದಿಲ್ಲ.

ಕಾನೂನು ಕಾಪಾಡೀತು ಎಂದು ಕೂರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಾಡಿದಾಗಲೇ ಬೆಂಗಳೂರಿನಲ್ಲಿ ತಿಂಗಳಿಗೆ 3,500 ಮೀರಿದ ಮನೆಗಳನ್ನು ಅದರಿಂದ ಹೊರಗಿಟ್ಟರು. ಆ ಬಾಡಿಗೆಗೆ ಇಲ್ಲಿ ಏನು ಸಿಗುತ್ತದೆ, ನೀವೇ ಹೇಳಿ! ನಿಮ್ಮ ಕೈಯಲ್ಲಿ ಉಳಿಯುವುದು ಆ ಹನ್ನೊಂದು ತಿಂಗಳ ಕರಾರಿನ ಕಾಗದ ಒಂದೇ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಕೇಳುವುದು ಜಗಳವೇ? ಕನ್ನಡ ಬರದ ಓನರ್ ಆದರೆ ಎರಡೂ ಭಾಷೆಯಲ್ಲಿ ಮಾಡಿಸಿ. ನಾಚಿಕೆ ಬೇಡ.

ಆ ಹುಡುಗ ಈಗ ಸುಂಕದಕಟ್ಟೆಯಲ್ಲಿದ್ದಾನೆ. ಬಾಡಿಗೆ 7,500, ಮೀಟರ್ ಬೇರೆ, ಕಾವೇರಿ ನೀರು. ಈ ಸಲ ಕರಾರನ್ನು ನಾವಿಬ್ಬರೂ ಕೂತು ಕನ್ನಡದಲ್ಲಿ ಬರೆದೆವು. ನೀರು ನಿಂತರೆ ಟ್ಯಾಂಕರ್ ಖರ್ಚು ಯಾರದು, ರಸೀದಿ ತೋರಿಸಬೇಕೋ ಬೇಡವೋ, ಬಣ್ಣಕ್ಕೆ ಎಷ್ಟು ಹಿಡಿಯಬಹುದು, ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸು, ಎಲ್ಲಾ ಒಂದೂವರೆ ಪುಟ. ಹೊಸ ಓನರಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬಣ್ಣದ ಸಾಲಿನಲ್ಲಿ ಚೌಕಾಸಿ ಮಾಡಿದರು, ಆಮೇಲೆ ಸಹಿ ಹಾಕಿದರು.

ಆ ನಮೂನೆ ನನ್ನ ಪ್ರೆಸ್ಸಿನಲ್ಲಿದೆ. ಇ-ಸ್ಟಾಂಪ್ ಕಾಗದ ನೀವು ತನ್ನಿ, ಅಚ್ಚು ಹಾಕಲು ದುಡ್ಡು ಬೇಡ. ಓದದೆ ಸಹಿ ಹಾಕುವವರಿಗೆ ಮಾತ್ರ ಕೊಡುವುದಿಲ್ಲ.