ಹೆಸರು ಬದಲಾಯಿತು, ಬಾಗಿಲು ತೆರೆಯಿತೇ?

(ಸಾಗರದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗಂಡಾಗಿ ಬೆಳೆಸಿದ ಮಗು ತಾನು ಹೆಣ್ಣೆಂದರೆ, ಹೆಣ್ಣಾಗಿ ಬೆಳೆಸಿದ ಮಗು ತಾನು ಗಂಡೆಂದರೆ ನಾವು ಏನೆಂದು ಕರೆಯುತ್ತೇವೆ? ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಂದೇ ಮನೆಯೊಳಗೆ ಇದಕ್ಕೆ ಮೂರು ಉತ್ತರಗಳು ದೊರೆಯುತ್ತವೆ. ಅಜ್ಜಿ 'ಹಿಜ್ಡಾ' ಎನ್ನುತ್ತಾರೆ. ಆ ಮಾತಿನಲ್ಲಿ ಕನಿಕರವೂ ಇದೆ, ಶಾಪ ತಟ್ಟೀತೆಂಬ ಅಳುಕೂ ಇದೆ. ತಂದೆ ಆ ಪದವನ್ನೇ ಉಚ್ಚರಿಸುವುದಿಲ್ಲ. ಅವರಿಗದು ಮಾನದ ಪ್ರಶ್ನೆ. ಕಾಲೇಜಿಗೆ ಹೋಗುವ ಮಗಳು 'ಲಿಂಗತ್ವ ಅಲ್ಪಸಂಖ್ಯಾತರು' ಎನ್ನುತ್ತಾಳೆ. ಅವಳಿಗದು ಹಕ್ಕಿನ ಪ್ರಶ್ನೆ.

ಈ ಜನ ನಮ್ಮ ನಾಡಿಗೆ ಹೊಸಬರಲ್ಲ. ಜೋಗಪ್ಪಗಳನ್ನು ಹಿರಿಯರೆಲ್ಲರೂ ಬಲ್ಲರು. ಆ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆಳುವವರ ಭಾಷೆ ಬಹುಕಾಲ ಕ್ರೂರವಾಗಿತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು 'ನಪುಂಸಕ'ರ ಪಟ್ಟಿ ಮಾಡಲು ಆದೇಶಿಸಿತು. ಅದೇ ಮನೋಭಾವ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 36ಎ ಕಲಮಾಗಿ ಮರಳಿತು. 2016ರಲ್ಲಿ ಆ ಕಲಮಿನಿಂದ ಅವರ ಉಲ್ಲೇಖವನ್ನು ತೆಗೆಯಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಅವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. 2021ರಲ್ಲಿ ನಮ್ಮ ರಾಜ್ಯ ಸರಕಾರವು ಸರಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ನೀಡಿತು.

ಧರ್ಮ ಏನೆನ್ನುತ್ತದೆ? ಹುಟ್ಟಿನಿಂದಲೇ ದೇಹದಲ್ಲಿ ಗಂಡು-ಹೆಣ್ಣೆಂಬುದು ಸ್ಪಷ್ಟವಿಲ್ಲದವರನ್ನು ಫಿಕ್‌ಹ್ 'ಖುನ್ಸಾ' ಎಂದು ಕರೆದಿದೆ. ಹನಫಿಗಳ 'ಹಿದಾಯ' ಗ್ರಂಥದಲ್ಲಿ ಅವರಿಗಾಗಿಯೇ ಅಧ್ಯಾಯವಿದೆ. ನಮಾಝಿನ ಸಾಲಿನಲ್ಲಿ ಅವರ ಸ್ಥಾನ, ಆಸ್ತಿಯಲ್ಲಿ ಅವರ ಪಾಲು ಇವೆಲ್ಲವನ್ನೂ ವಿದ್ವಾಂಸರು ಚರ್ಚಿಸಿದ್ದಾರೆ. ಸ್ವಭಾವದಲ್ಲೇ ಹೆಣ್ತನವಿರುವ ಪುರುಷನ ಮೇಲೆ ದೋಷವಿಲ್ಲ, ಬೇಕೆಂದೇ ಅನುಕರಿಸುವವನ ವಿಷಯ ಬೇರೆ ಎಂದು ಶಾಫಿಈ ವಿದ್ವಾಂಸ ಇಮಾಮ್ ನವವಿ ವಿವರಿಸಿದರು. ಇಂದು ಯುವಜನರು ಹೇಳುವ ಲಿಂಗತ್ವದ ಅರಿವು ಇವೆರಡಕ್ಕೂ ಪೂರ್ತಿ ಹೊಂದುವುದಿಲ್ಲ. ಶಸ್ತ್ರಚಿಕಿತ್ಸೆಯ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ನಡೆಯಲಿ. ಆದರೆ ಅಪಹಾಸ್ಯ ಮಾಡಬಾರದು, ಕೆಟ್ಟ ಹೆಸರಿನಿಂದ ಕರೆಯಬಾರದು ಎಂಬ ಸೂರಾ ಹುಜುರಾತ್‌ನ ಆದೇಶದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯೆಲ್ಲಿ?

ಯುವ ಮಿತ್ರರೇ, ಹಳೆಯ ಪದವಾಡಿದ ಅಜ್ಜಿಯನ್ನು ಹೀಗಳೆಯಬೇಡಿ. ಮನೆ ಬಾಗಿಲಿಗೆ ಬಂದವರನ್ನು ಅವರು ಬರಿಗೈಯಲ್ಲಿ ಕಳುಹಿಸಲಿಲ್ಲ. ಹಿರಿಯರೇ, ಬಾಗಿಲಲ್ಲಿ ನಿಂತವರಿಗೆ ಅಕ್ಕಿ ಕೊಟ್ಟ ನಾವು ಒಳಗೆ ಹುಟ್ಟಿದ ಮಗುವನ್ನು ಹೊರದೂಡುವುದು ಯಾವ ನ್ಯಾಯ? ಸಾಗರದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದ ಮಗುವಿಗೆ ಅಲ್ಲಿ ಕಾದಿರುವುದು ಭಿಕ್ಷೆಯೋ ಅದಕ್ಕಿಂತ ಕೆಟ್ಟದ್ದೋ ಆದರೆ, ಆ ಪಾಪದಲ್ಲಿ ಹೊರದೂಡಿದವರಿಗೆ ಪಾಲಿಲ್ಲವೇ? ಅದು ಪರವೂರಿನಲ್ಲಿ ಕಣ್ಣು ಮುಚ್ಚಿದರೆ ಜನಾಝಕ್ಕೆ ಹೆಗಲು ಕೊಡುವವರು ಯಾರು?

ಯಾವ ಪದ ಸರಿಯೆಂದು ನಿರ್ಧರಿಸಲು ಸಮಯವಿದೆ. ಅದಕ್ಕೆ ಮುನ್ನ ಮಗುವನ್ನು ಅದರ ಹೆಸರಿಡಿದು ಊಟಕ್ಕೆ ಕರೆಯಿರಿ. ಅದು ಹೇಳುವುದನ್ನು ಕೈಯೆತ್ತದೆ ಕೇಳಿ, ಅರಿತ ವೈದ್ಯರನ್ನೂ ಕರುಣೆಯುಳ್ಳ ಆಲಿಮರನ್ನೂ ಕಾಣಿ. ಅದರ ಓದು ನಿಲ್ಲದಿರಲಿ, ಆಸ್ತಿಯ ಪಾಲು ತಪ್ಪದಿರಲಿ.

ನಮ್ಮ ಮನೆಗಳನ್ನು ಮಕ್ಕಳೆಲ್ಲರಿಗೂ ಆಸರೆಯಾಗಿಸಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.