ವಿಶ್ವಾಸಿಯ ವಿಷಾದ



ಕ್ರೈಸ್ತ ವಿಶ್ವಾಸವನ್ನೂ ಮನಸ್ಸಿನ ಖಿನ್ನತೆಯನ್ನೂ ಕುರಿತು ವಿಚಾರಮಾಡಲು ನೆರೆದಿರುವ ಈ ಗೋಷ್ಠಿಯ ಆರಂಭದಲ್ಲಿ, ತತ್ತ್ವನಿರೂಪಣೆಗೆ ತೊಡಗುವುದಕ್ಕೆ ಮುಂಚೆ, ಇವೆರಡನ್ನೂ ಒಂದೇ ಬಾಳಿನಲ್ಲಿ ಹೊತ್ತು ನಡೆದ ಆಂಗ್ಲಕವಿ ವಿಲಿಯಂ ಕೂಪರನ ಚರಿತ್ರೆಯನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

1731ರಲ್ಲಿ ಜನಿಸಿ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಈತ, 1763ರಲ್ಲಿ, ಪ್ರಭುಸಭೆಯ ಒಂದು ಉದ್ಯೋಗಕ್ಕಾಗಿ ಎದುರಿಸಬೇಕಾಗಿದ್ದ ಪರೀಕ್ಷೆಯ ಭಯದಿಂದ ಚಿತ್ತ ಕದಡಿ, ಪ್ರಾಣತ್ಯಾಗಕ್ಕೂ ಯತ್ನಿಸಲಾಗಿ, ಬಂಧುಗಳು ಸೇಂಟ್ ಆಲ್ಬನ್ಸ್‌ನ ವೈದ್ಯ ನಥಾನಿಯಲ್ ಕಾಟನ್ ಅವರ ಚಿಕಿತ್ಸಾಲಯಕ್ಕೆ ಸೇರಿಸಿದರು. ಆ ಚಿಕಿತ್ಸಾಲಯದಲ್ಲಿಯೇ, 1764ರಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಓದುತ್ತಿರುವಾಗ, ಆತನ ವಿಶ್ವಾಸ ಕಣ್ದೆರೆಯಿತು. ಔಷಧಕ್ಕೂ ಪ್ರಾರ್ಥನೆಗೂ ಆ ಸೂರಿನಡಿಯಲ್ಲಿ ವೈರವಿರಲಿಲ್ಲ. ಮಾತ್ರೆ ನುಂಗುವವನನ್ನು ಅಲ್ಪವಿಶ್ವಾಸಿಯೆಂದು ಕಾಣುವವರು ಇದನ್ನು ಅವಶ್ಯವಾಗಿ ಗಮನಿಸತಕ್ಕದ್ದು.

ಸಾಕ್ಷಿಕೂಟಗಳಲ್ಲಿ ಹೇಳಿಕೊಳ್ಳಲು ಒಪ್ಪುವ ಕಥೆ ಇಷ್ಟೇ, ಉಳಿದುದು ಕಠಿನವಾದದ್ದು. ಓಲ್ನಿ ಎಂಬ ಊರಿನಲ್ಲಿ ಸಭಾಪಾಲಕ ಜಾನ್ ನ್ಯೂಟನ್ ಅವರ ನೆರೆಯಲ್ಲಿ ನೆಲಸಿ, ಅವರೊಡಗೂಡಿ ಭಕ್ತಿಗೀತೆಗಳನ್ನು ರಚಿಸುತ್ತಿದ್ದ ಕೂಪರನಿಗೆ 1773ರಲ್ಲಿ ವ್ಯಾಧಿ ಮರುಕಳಿಸಿತು. ದೇವರು ತನ್ನನ್ನು ಶಾಶ್ವತವಾಗಿ ತ್ಯಜಿಸಿದನೆಂದು ಒಂದು ಕನಸಿನಿಂದ ನಿಶ್ಚಯಮಾಡಿಕೊಂಡ ಆತ, 1800ರಲ್ಲಿ ಮರಣಹೊಂದುವವರೆಗೂ ಮತ್ತೆ ದೇವಾಲಯದ ಆರಾಧನೆಗೆ ಹೋಗಲಿಲ್ಲ. ನ್ಯೂಟನರ ಕಟುವಾದ ಸಿದ್ಧಾಂತವೇ ಇದಕ್ಕೆ ಕಾರಣವೆಂದ ವಿಮರ್ಶಕರುಂಟು. ಆದರೆ ಮೊದಲ ಆಘಾತವು ನ್ಯೂಟನರ ಪರಿಚಯಕ್ಕೆ ಬಹುಪೂರ್ವದ್ದಾದ್ದರಿಂದ ಈ ಮಾತು ನನಗೆ ಸಮ್ಮತವಲ್ಲ. ಆ ಸಿದ್ಧಾಂತ ರೋಗದ ಬಾಯಿಗೆ ಮಾತುಗಳನ್ನು ಒದಗಿಸಿತು, ರೋಗವನ್ನು ಹುಟ್ಟಿಸಲಿಲ್ಲ ಎಂದೇ ನನ್ನ ಎಣಿಕೆ.

ನ್ಯೂಟನರ ಸಮಾಧಾನದ ವಾದಗಳೊಂದೂ ಫಲಿಸಲಿಲ್ಲ. ಆದರೂ ಅವರು ಆತನನ್ನು ತಮ್ಮ ಮನೆಗೇ ಕರೆತಂದು ವರ್ಷಕ್ಕೂ ಮಿಕ್ಕಿ ಇರಿಸಿಕೊಂಡರು. ಮೇರಿ ಅನ್‌ವಿನ್ ಎಂಬ ವಿಧವೆ, ಆತ ತನ್ನ ಜೀವಕ್ಕೆ ಕೇಡು ತಂದುಕೊಳ್ಳದಂತೆ ಎಡೆಬಿಡದೆ ಕಾದಳು. ಮೊಲಗಳನ್ನು ಸಾಕುವುದು, ತೋಟದ ಕೆಲಸ, ಕಾವ್ಯರಚನೆ, ಹೋಮರನ ಅನುವಾದ, ಇವು ದಿನಗಳನ್ನು ದಾಟಿಸಿದವು. ನ್ಯೂಟನರೂ ಕೂಪರನೂ ರಚಿಸಿದ್ದ ಗೀತೆಗಳು 1779ರಲ್ಲಿ ಪ್ರಕಟವಾಗಿ, ಕೂಪರನ ಅರುವತ್ತಕ್ಕೂ ಮಿಕ್ಕ ಗೀತೆಗಳನ್ನು ಜನರು ಹಾಡಿ ಸಾಂತ್ವನ ಪಡೆಯುತ್ತಿದ್ದಾಗ, ಅವುಗಳ ಕರ್ತೃವು ಆ ಸಾಂತ್ವನದಲ್ಲಿ ತನಗೆ ಪಾಲಿಲ್ಲವೆಂದು ಮನೆಯಲ್ಲಿಯೇ ಕುಳಿತಿದ್ದನು. ಈ ಸ್ಥಿತಿಯನ್ನು ನೆನೆದಾಗಲೆಲ್ಲ ನನ್ನ ಹೃದಯ ಭಾರವಾಗುತ್ತದೆ.

ಇಂಥವನನ್ನು ಅವಿಶ್ವಾಸಿಯೆನ್ನೋಣವೆ? ಕತ್ತಲೆಯ ಮಾತಿನಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ಪವಿತ್ರಗ್ರಂಥದಿಂದ ಹಿರಿಯರು ತೆಗೆದುಹಾಕಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ, ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತುತಂದು ಮಾಳಿಗೆಯನ್ನು ಬಿಚ್ಚಿ ಇಳಿಸಿದಾಗ, ಯೇಸು ಕಂಡದ್ದು ಹೊತ್ತವರ ನಂಬಿಕೆಯನ್ನೆಂದು ಬರೆದಿದೆ. ಮಲಗಿದ್ದವನು ಒಂದು ಮಾತನ್ನೂ ಆಡಿದಂತಿಲ್ಲ. ಪ್ರಾರ್ಥಿಸಲಾರದವನ ಪರವಾಗಿ ನಂಬುವುದು ಸಭೆಯ ಕರ್ತವ್ಯವೆಂಬುದೇ ಈ ಗೋಷ್ಠಿಗೆ ನಾನು ಸೂಚಿಸುವ ಆಶಯ.

ನಮ್ಮ ಸಭೆಗಳಲ್ಲಿ ಹಾಗೆ ಹೊರುವವರು ಯಾರು, ಅವರಿಗೆ ಶಿಕ್ಷಣ ಕೊಡುವವರು ಯಾರು, ಬದುಕು ಬೇಡವೆಂದ ವಿಶ್ವಾಸಿಯನ್ನು ಆ ದಿನವೇ ಕರೆದೊಯ್ಯಲು ಸಭಾಪಾಲಕನಿಗೆ ಯಾವ ವೈದ್ಯರ ಪರಿಚಯವಿದೆ ಎಂಬ ಪ್ರಶ್ನೆಗಳಿಂದಲೇ ಮೊದಲ ಅಧಿವೇಶನ ತೊಡಗಲೆಂದು ಪ್ರಾರ್ಥಿಸುತ್ತೇನೆ.