ವಸಂತ ಋತುವಿನ ಆಹಾರ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಪಂಚಾಂಗದ ಲೆಕ್ಕದಲ್ಲಿ ಚೈತ್ರ ಮತ್ತು ವೈಶಾಖ ಮಾಸಗಳು ವಸಂತ ಋತು. ಯಲಹಂಕ ನಾಡಿನಲ್ಲಿ ಹೊಂಗೆ ಚಿಗುರಿ ಬೇವು ಹೂಬಿಡುವ ಕಾಲವಿದು. ಆದರೆ ಮೈಗೆ ತಾಗುವುದು ಬೇಸಿಗೆಯೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದನ್ನು ಇಲ್ಲಿನ ಜನ ಮರೆತಿರಲಾರರು. ಹೇಮಂತ, ಶಿಶಿರಗಳಲ್ಲಿ ದೇಹದಲ್ಲಿ ಸಂಚಯವಾದ ಕಫವು ವಸಂತದ ಬಿಸಿಲಿಗೆ ಕರಗುತ್ತದೆ, ಆದ್ದರಿಂದ ಜಡವಾದ, ಜಿಡ್ಡಿನ, ಅತಿ ಸಿಹಿಯಾದ ಆಹಾರವನ್ನೂ ಹಗಲು ನಿದ್ರೆಯನ್ನೂ ಬಿಟ್ಟು, ಕಹಿ ಮತ್ತು ಒಗರು ರಸವುಳ್ಳ ಲಘು ಆಹಾರವನ್ನು ಸೇವಿಸಬೇಕೆಂದು ಆಯುರ್ವೇದದ ಋತುಚರ್ಯೆ ಹೇಳುತ್ತದೆ. ಯುಗಾದಿಯ ಬೇವಿನ ಹೂವು, ರಾಮನವಮಿಯ ಕೋಸಂಬರಿ ಈ ತಿಳಿವಳಿಕೆಗೆ ಹೊಂದುವಂಥವೇ. ಆದರೆ ಈ ಉಪದೇಶವು ಹೊಟ್ಟೆ ತುಂಬಿದವರಿಗೆ ಒಪ್ಪುವಂತೆ ಎಲ್ಲರಿಗೂ ಒಪ್ಪುವುದಿಲ್ಲ. ಬಿಸಿಲಿನಲ್ಲಿ ಇಟ್ಟಿಗೆ ಹೊರುವವರ ಮನೆಯಲ್ಲಿ, ರಕ್ತಹೀನತೆಯಿರುವ ಮಗುವಿನ ಪಾಲಿಗೆ, ಲಘು ಊಟವೆಂಬುದು ಕಡಿಮೆ ಊಟವಾಗಬಾರದು.

ಹಾಗಾಗುವ ಕಾಲವೇ ಇದು ಎಂಬುದು ಗಮನಿಸಬೇಕಾದ ಸಂಗತಿ. ಮಾರ್ಗಶಿರದಿಂದ ಮಾಘದವರೆಗೆ ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಸುತ್ತಿನ ಮನೆಗಳಲ್ಲಿ ಅವರೆಕಾಳಿನದೇ ರಾಜ್ಯ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ರೊಟ್ಟಿ, ಹೀಗೆ ಯಾರೂ ಹೇಳಿಕೊಡದೆಯೇ ದಿನವೂ ಸಸಾರಜನಕ ಹೊಟ್ಟೆಗೆ ಸೇರುತ್ತದೆ. ಶಿವರಾತ್ರಿ ದಾಟುತ್ತಿದ್ದಂತೆ ಅವರೆ ಮುಗಿಯುತ್ತದೆ. ಕೊಳವೆಬಾವಿಯ ನೀರು ಇಳಿಯುತ್ತದೆ, ಸೊಪ್ಪಿನ ಮಡಿ ಒಣಗುತ್ತದೆ, ಕಂತೆಯ ಬೆಲೆ ಏರುತ್ತದೆ. ಆಗ ಯಶವಂತಪುರದ ಮಾರುಕಟ್ಟೆಯಿಂದ ಬಂದ ಆಲೂಗಡ್ಡೆ, ಈರುಳ್ಳಿಯ ತೆಳು ಸಾರು ಮತ್ತು ಅನ್ನ ತಟ್ಟೆಯಲ್ಲಿ ಉಳಿಯುತ್ತವೆ. ಹೊಟ್ಟೆ ತುಂಬುತ್ತದೆ, ಕಾಳು ಮತ್ತು ಸೊಪ್ಪು ಮಾತ್ರ ಕಾಣೆಯಾಗುತ್ತವೆ.

ಇದೇ ವೇಳೆಗೆ ಶಾಲೆಯ ಬಾಗಿಲೂ ಮುಚ್ಚುತ್ತದೆ. ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರವರಿಯಿಂದ ಹಾಲಿನೊಂದಿಗೆ ಕೊಡಲಾಗುತ್ತಿರುವ ರಾಗಿ ಮಾಲ್ಟ್, ಮೊಟ್ಟೆ ಅಥವಾ ಬಾಳೆಹಣ್ಣು: ಸರ್ಕಾರಿ ಶಾಲೆಯ ಮಗುವಿಗೆ ಇವೆಲ್ಲವೂ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಒಟ್ಟಿಗೆ ನಿಲ್ಲುತ್ತವೆ. ತಾಯಿ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಕಾರ್ಖಾನೆಗೋ ವಿಮಾನ ನಿಲ್ದಾಣದ ಸ್ವಚ್ಛತಾ ಕೆಲಸಕ್ಕೋ ಹೊರಟರೆ, ಮಧ್ಯಾಹ್ನ ಮಗು ತಿನ್ನುವುದು ಅಂಗಡಿಯ ಐದು ರೂಪಾಯಿಯ ಕುರುಕಲು ಪೊಟ್ಟಣ. 2024ರಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ಒದಗಿಸಲಾಯಿತು. ರಜೆಯ ಹಸಿವು ಸರ್ಕಾರದ ಗಮನಕ್ಕೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅಂಥ ಏರ್ಪಾಡಿಗೆ ಬರಗಾಲವೇ ಬರಬೇಕೆಂದು ಕಾಯುವುದು ಯಾವ ಊರಿಗೂ ಹಿತವಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 59 ತಿಂಗಳೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ರಾಜಧಾನಿಯ ಮಗ್ಗುಲಲ್ಲಿದ್ದ ಮಾತ್ರಕ್ಕೆ ತಮ್ಮ ಗ್ರಾಮಗಳು ಇದರಿಂದ ಪಾರಾಗಿವೆಯೆಂದು ಭಾವಿಸಲು ಆಧಾರವಿಲ್ಲ.

ಪರಿಹಾರದ ಬಹುಭಾಗ ಅಡುಗೆಮನೆಯಲ್ಲಿಯೇ ಇದೆ. ಕಾರ್ತಿಕ, ಮಾರ್ಗಶಿರದಲ್ಲಿ ಕೊಯ್ದು ಕಣದಲ್ಲಿ ಒಕ್ಕಿದ ರಾಗಿ ವಸಂತದಲ್ಲಿ ಮನೆಯಲ್ಲಿರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನ ಆಸುಪಾಸು. ಬೆಳಗಿನ ಹೊತ್ತು ಮಜ್ಜಿಗೆ ಬೆರೆಸಿದ ಅಂಬಲಿ, ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿದ ತಂಗಳು, ಇವು ಬಡತನದ ಗುರುತೆಂಬ ಸಂಕೋಚ ಊರುಗಳಲ್ಲಿ ಇನ್ನೂ ಇದೆ. ಅದೇ ಅಂಬಲಿಯನ್ನು ನಗರದ ಹೋಟೆಲುಗಳು ಲೋಟಕ್ಕಿಷ್ಟು ಎಂದು ಮಾರುತ್ತಿವೆ! ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಅದರಲ್ಲಿನ ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಎಳೆಯ ಮಕ್ಕಳ ಸರಿಗೆ ಈ ಹಿಟ್ಟು ಉತ್ತಮ.

ಹಸಿ ಅವರೆ ಮುಗಿದಾಗ ಅದರ ಜಾಗಕ್ಕೆ ಒಣ ಅವರೆ, ಅಲಸಂದೆ, ಹೆಸರುಕಾಳು ಬರಬೇಕು. ಮೊಳಕೆಕಾಳಿನ ಸಾರು, ಬಸ್ಸಾರು, ಉಪ್ಸಾರು ಈ ಸೀಮೆಗೆ ಹೊಸತಲ್ಲ. ಹುರುಳಿ ಉಷ್ಣವೆಂದು ಬಿಸಿಲುಕಾಲದಲ್ಲಿ ಬಿಡುವವರಿದ್ದರೆ ಬಿಡಲಿ. ಬದಲಿಗೆ ಬೇರೊಂದು ಕಾಳು ಇರಲಿ. ನುಗ್ಗೆ ಈ ತಿಂಗಳುಗಳಲ್ಲಿ ಕಾಯಿ ಬಿಡುತ್ತದೆ. ಕಾಯಿ ಮಾರಿದರೂ ಸೊಪ್ಪು ಮನೆಗೆ ಉಳಿಯುತ್ತದೆ. ಸೊಪ್ಪಿನ ಪಲ್ಯಕ್ಕೆ, ಕೋಸಂಬರಿಗೆ ನಿಂಬೆಹಣ್ಣು ಹಿಂಡುವುದು ರುಚಿಗೆ ಮಾತ್ರವಲ್ಲ. ನಿಂಬೆಯ ಸಿ ಜೀವಸತ್ವವು ಸೊಪ್ಪು, ಕಾಳುಗಳ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಊಟದ ಜೊತೆಗೋ ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಇದಕ್ಕೆ ಅಡ್ಡಬರುತ್ತವೆ. ಒಂದು ಗಂಟೆಯಾದರೂ ಅಂತರವಿರಬೇಕು. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಗೂ ಇದೇ ನಿಯಮ.

ಬೆರಕೆ ಸೊಪ್ಪಿನ ಮಾತು ಬೇರೆ. ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ ಎಂದು ಹೆಸರು ಹೇಳುತ್ತ ಹೊಲದ ಬದುವಿನಿಂದ ಕಿತ್ತು ತರುತ್ತಿದ್ದ ಈ ಸೊಪ್ಪಿಗೆ ಹಣ ಕೊಡಬೇಕಿರಲಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಕಡೆ ಹೊಲಗಳು ಬಡಾವಣೆಗಳಾದವು. ಬದು ಹೋಯಿತು, ಅದರೊಡನೆ ಸೊಪ್ಪೂ ಹೋಯಿತು. ಯಾವ ಎಲೆ ತಿನ್ನುವುದು, ಯಾವುದು ಬಿಡುವುದು ಎಂಬ ಹಿರಿಯ ಹೆಂಗಸರ ಅರಿವು ಕೂಡ ಅದೇ ಹಾದಿಯಲ್ಲಿದೆ. ಜಮೀನಿಗೆ ಬಂದ ಹಣದ ಲೆಕ್ಕ ದಾಖಲೆಗಳಲ್ಲಿದೆ. ತಟ್ಟೆಯಿಂದ ಹೋದದ್ದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕೊಳಚೆ ನೀರು ಹರಿಯುವ ಕಾಲುವೆಯ ಪಕ್ಕದಲ್ಲಿ ಇಂದು ಹುಲುಸಾಗಿ ಕಾಣುವ ಸೊಪ್ಪನ್ನು ಕೀಳದಿರುವುದೇ ಕ್ಷೇಮ.

ನೀರಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಬೆಂಗಳೂರು ಟ್ಯಾಂಕರ್ ನೀರಿಗಾಗಿ ಕಾದುನಿಂತಿತ್ತು. ಟ್ಯಾಂಕರ್ ಎಲ್ಲಿಂದ ತುಂಬಿತೆಂದು ಕೇಳುವವರು ವಿರಳ. ಇದೇ ಋತುವಿನಲ್ಲಿ ರಾಮನವಮಿಯ ಪಾನಕ, ಊರಹಬ್ಬ, ಜಾತ್ರೆಯ ಅನ್ನದಾಸೋಹಗಳೂ ನಡೆಯುತ್ತವೆ. ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿಯ ಪಾನಕಕ್ಕಿಂತ ಒಳ್ಳೆಯ ಬೇಸಿಗೆಯ ಪಾನೀಯ ಸಿಗುವುದು ಕಷ್ಟ. ಆದರೆ ಅದು ಕುದಿಸಿ ಆರಿಸಿದ ನೀರಿನದಾಗಿರಬೇಕು. ಹಬ್ಬಕ್ಕೆ ಮುನ್ನ ಓವರ್‌ಹೆಡ್ ಟ್ಯಾಂಕ್ ತೊಳೆಸಿ, ಕ್ಲೋರಿನ್ ಹಾಕಿಸಿ, ನೀರಿನ ಪರೀಕ್ಷೆ ಮಾಡಿಸುವುದು ಪಂಚಾಯಿತಿಯ ಕೆಲಸ. ಬಣ್ಣದ ಐಸ್‌ಕ್ಯಾಂಡಿ, ಕತ್ತರಿಸಿ ತೆರೆದಿಟ್ಟ ಹಣ್ಣು, ಕಾರ್ಬೈಡ್‌ನಿಂದ ಮಾಗಿಸಿದ ಅಕಾಲದ ಮಾವು ಜಾತ್ರೆಯ ಅಂಗಡಿಗಳಲ್ಲಿ ಬರದಂತೆ ನೋಡಿಕೊಳ್ಳಬೇಕು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸಿ ಮಾರುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ವಾಂತಿಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದಲ್ಲಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಕರೆದೊಯ್ಯಬೇಕು.

ಪಂಚಾಯಿತಿಯ ಮುಂದಿನ ಸಭೆಗೆ ಒಂದೆರಡು ವಿಷಯಗಳನ್ನು ತರಬಹುದು. ರಜೆಯಲ್ಲಿ ಮಧ್ಯಾಹ್ನ ಮನೆಯಲ್ಲಿ ಅಡುಗೆ ಮಾಡುವವರಿಲ್ಲದ ಮಕ್ಕಳು ಎಷ್ಟು ಮಂದಿ ಎಂಬ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿ ಮತ್ತು ಅಂಗನವಾಡಿಯ ಬಾಲವಿಕಾಸ ಸಮಿತಿಗಳ ಮೂಲಕ ಮಾರ್ಚ್‌ನಲ್ಲಿಯೇ ಸಿದ್ಧಪಡಿಸುವುದು ಮೊದಲನೆಯದು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಊಟಕ್ಕೆ ಬಾರದ ಗರ್ಭಿಣಿ, ಬಾಣಂತಿಯರು ಏಕೆ ಬರುತ್ತಿಲ್ಲವೆಂದು ವಿಚಾರಿಸುವುದೂ ಇದರೊಡನೆ ಆಗಬೇಕು. ದೂರವೇ, ಕೂಲಿಯೇ, ಸಂಕೋಚವೇ ಎಂಬುದು ತಿಳಿಯದೆ ಉಪಾಯ ಹೊಳೆಯುವುದಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆ ಈ ಚರ್ಚೆಗೆ ತಕ್ಕ ಸ್ಥಳ.

ಮತ್ತೊಂದು, ಶಾಲೆ ಮತ್ತು ಅಂಗನವಾಡಿಯ ಅಂಗಳದಲ್ಲಿ ಸೊಪ್ಪಿನ ಮಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಸುಗುಣ ಎಂಬ ದಂಟಿನ ತಳಿಯನ್ನು ಬುಡಸಹಿತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಬಿತ್ತಿದ ಸುಮಾರು 25 ದಿನಕ್ಕೆ ಮೊದಲ ಕೊಯ್ಲು ಸಿಗುತ್ತದೆ. ಕೈತೊಳೆಯುವ ನೀರನ್ನು ಹಾಯಿಸಿದರೆ ಮಡಿಗೆ ಬೇರೆ ನೀರು ಹೆಚ್ಚು ಬೇಡ; ರಜೆಯಲ್ಲಿ ಶಾಲೆಯ ನಲ್ಲಿ ನಿಂತಾಗ ನೀರುಣಿಸುವ ಕೆಲಸವನ್ನು ಸ್ವಸಹಾಯ ಸಂಘದ ಮಹಿಳೆಯರಿಗೆ ಒಪ್ಪಿಸಿ, ಸೊಪ್ಪಿನಲ್ಲಿ ಅವರಿಗೂ ಪಾಲು ಕೊಡಬಹುದು. ಶಿವರಾತ್ರಿಯ ಹೊತ್ತಿಗೆ ಬಿತ್ತಿದರೆ ರಜೆ ಆರಂಭವಾಗುವ ಮುನ್ನವೇ ಮೊದಲ ಸೊಪ್ಪು ಬಿಸಿಯೂಟದ ಸಾಂಬಾರಿಗೆ ಬೀಳುತ್ತದೆ, ಉಳಿದ ಕೊಯ್ಲು ರಜೆಯ ದಿನಗಳಿಗೆ ಒದಗುತ್ತದೆ.